ಅಜ್ಜಿ ಕಟ್ಟಿದ ಕಪ್ಪು ದಾರ

ಸೇಂಟ್ ಕೈರನ್ಸ್ ಕೋವ್, ನ್ಯೂಫೌಂಡ್‌ಲ್ಯಾಂಡ್
27 ಏಪ್ರಿಲ್ 2003

ಪ್ರೀತಿಯ ಬ್ರೈಡಿ,

ಕೆಟ್ಟ ಕನಸು ಬಿತ್ತು ಕಣೇ. ನಿನ್ನ ತಮ್ಮ ಜರ್ವೇಸ್ ನಿನ್ನ ಮಗುವನ್ನೆತ್ತಿಕೊಂಡು ದೋಣಿಕಟ್ಟೆಯ ತುದಿಗೆ ನಡೆಯುತ್ತಿದ್ದಾನೆ, ಕಟ್ಟೆ ಮುಗಿದದ್ದು ಅವನಿಗೆ ಕಾಣುತ್ತಿಲ್ಲ, ಕೂಗೋಣವೆಂದರೆ ನನಗೆ ದನಿಯೇ ಇಲ್ಲ. ನೋಡು, ಮೊದಲು ಕೇಳಬೇಕಾದ್ದನ್ನೇ ಮರೆತೆ. ಹೇಗಿದ್ದೀಯ ಮಗಳೇ? ಎದೆಹಾಲು ಸಾಲುತ್ತಿದೆಯಾ? ಪುಟ್ಟ ಆಗ್ನೆಸ್ ಮಲಗಲು ಬಿಡುತ್ತಾಳಾ? ಫೋನ್ ಮಾಡಿದರೆ ನಿನ್ನ ಅತ್ತೆಯೇ ಎತ್ತುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ನಗಬೇಡ, ಐದನೆಯ ತರಗತಿಗೇ ಪುಸ್ತಕ ಬಿಟ್ಟು ಮೀನು ಒಣಗಿಸಲು ನಿಂತವಳು ನಾನು.

ಜರ್ವೇಸ್‌ನನ್ನು ಪಟ್ಟಣದ ಆಸ್ಪತ್ರೆಗೆ ಕರೆದೊಯ್ದಿದ್ದೆವು. ಮುಸ್ಸಂಜೆಯಲ್ಲಿ ಹಗ್ಗ ಎಡವಿ ಬಿದ್ದಾಗಲೆಲ್ಲ ನಿಮ್ಮಪ್ಪ ‘ಕಣ್ಣನ್ನೇನು ಜೇಬಲ್ಲಿ ಇಟ್ಕೊಂಡಿದ್ದೀಯೇನೋ’ ಎಂದು ಬೈಯುತ್ತಿದ್ದರಲ್ಲ, ಅದು ಅವನ ಅಜಾಗ್ರತೆಯಲ್ಲವಂತೆ. ಕಣ್ಣಿನ ಹಿಂದಿನ ಪರದೆಯ ಒಂದೊಂದು ಜೀವಕಣದಲ್ಲೂ ಕಾಣದಷ್ಟು ಸಣ್ಣ ಕೂದಲಿನಂಥದ್ದು ಇರುತ್ತದಂತೆ. ಬೆಳಕು ಹಿಡಿಯುವ ಜಾಗಕ್ಕೆ ಬೇಕಾದ್ದೆಲ್ಲ ಅದರೊಳಗಿಂದಲೇ ಹೋಗಬೇಕು. ಇವನಿಗೆ ಆ ಕೂದಲೇ ಸರಿಯಿಲ್ಲ. ಮೊದಲು ಕತ್ತಲಲ್ಲಿ ಕಾಣುವುದು ಹೋಗುತ್ತದೆ, ಆಮೇಲೆ ಹಗಲಲ್ಲೂ. ಅಂಥ ಕೂದಲು ಮೂತ್ರಪಿಂಡದಲ್ಲೂ ಇವೆ. ಹೊಟ್ಟೆಯಲ್ಲಿರುವಾಗ ಬೆರಳು ಲೆಕ್ಕಕ್ಕೆ ಸರಿಯಾಗಿ ಮೂಡುವುದಕ್ಕೂ ಅವು ಬೇಕಂತೆ.

ಡಾಕ್ಟರಮ್ಮ ಕೇಳಿದಳು, ‘ಹುಟ್ಟಿದಾಗ ಹೆಚ್ಚಿನ ಬೆರಳಿತ್ತೇನಮ್ಮಾ?’ ‘ಇಲ್ಲಪ್ಪ, ಹತ್ತೇ’ ಅಂದೆ. ಅವಳು ಅವನ ಅಂಗೈಯ ಅಂಚನ್ನು ಸವರಿ, ‘ಮತ್ತೆ ಈ ಗಂಟೇನು?’ ಅಂದಳು. ‘ಅದಾ? ಅದು ಬೆರಳಲ್ಲ ಡಾಕ್ಟ್ರೇ, ಅವರಜ್ಜಿ ದಾರ ಕಟ್ಟಿ ಉದುರಿಸಿದ್ದು.’ ಜರ್ವೇಸ್ ನಗತೊಡಗಿದ, ‘ಬೆರಳಲ್ದೆ ಮತ್ತೇನಮ್ಮಾ ಉದುರಿದ್ದು, ಮೀನಾ?’ ಅವಳು ನಗಲಿಲ್ಲ. ನಮ್ಮ ಕಡೆ ಹಾಗೇ ತಾನೇ? ಕಪ್ಪು ದಾರ ಬಿಗಿಯುತ್ತಾರೆ, ಉದುರಿದ ಮೇಲೆ ಯಾರೂ ಅದರ ಮಾತೆತ್ತುವುದಿಲ್ಲ, ಲೆಕ್ಕಕ್ಕೂ ಹಿಡಿಯುವುದಿಲ್ಲ.

ಹುಟ್ಟಿನಲ್ಲೇ ಬರುವ ಜೀನ್ ಅಂತಾರಲ್ಲ, ಅದರಲ್ಲಿ ಕೆಟ್ಟದ್ದು ನನ್ನಿಂದ ಒಂದು, ನಿಮ್ಮಪ್ಪನಿಂದ ಒಂದು, ಎರಡೂ ಸೇರಿದ್ದರಿಂದ ಅವನಿಗೆ ಹೀಗಾಯಿತಂತೆ. ನಿಮ್ಮಪ್ಪ ಅವತ್ತಿನಿಂದ ಬಲೆ ಮುಂದಿಟ್ಟುಕೊಂಡು ಕೂತಿದ್ದಾರೆ. ನಿನ್ನಲ್ಲೂ ಒಂದು ಇರಬಹುದು, ಇದ್ದರೂ ಅದರಿಂದ ನಿನ್ನ ಕಣ್ಣಿಗೇನೂ ಆಗುವುದಿಲ್ಲ. ಆದರೆ ನಿನ್ನ ಗಂಡ ಲಿಯಾಂಡರನ ಅಜ್ಜಿಯೂ ನಮ್ಮೂರಿನವಳೇ ಅಲ್ಲವಾ? ಅವನಲ್ಲೂ ಒಂದಿದ್ದು, ಎರಡೂ ಮಗುವಿಗೆ ಬಂದಿದ್ದರೆ? ಹಿಟ್ಟು ನಾದುವಾಗಲೂ ನನಗೆ ಅದೇ ಯೋಚನೆ.

ಪಾರ್ಟ್ರಿಜ್‌ಬೆರಿ ಜಾಮ್ ಬೇರೆ ಕಳಿಸಿದ್ದೇನೆ. ಮೇರಿ ಮಾತೆಯ ಕೈ ನಿಮ್ಮೆಲ್ಲರ ತಲೆಯ ಮೇಲಿರಲಿ. ಮಗುವಿಗೆ ನನ್ನ ಮುತ್ತು.

ನಿನ್ನದೇ ಚಿಂತೆಯಲ್ಲಿರುವ
ಅಮ್ಮ

ಇದೊಂದು ಉಳಿಯಿತು: ಆಗ್ನೆಸ್ ಹುಟ್ಟಿದ ದಿನ ಹಿಮ ಬಿದ್ದು ರಸ್ತೆ ಮುಚ್ಚಿದ್ದರಿಂದ ಹೆರಿಗೆ ಮಾಡಿಸಿದ್ದೂ ಮೊದಮೊದಲು ಮಗುವಿಗೆ ಸ್ನಾನ ಮಾಡಿಸಿದ್ದೂ ನಿನ್ನ ಅತ್ತೆಯೇ. ಅವರೂ ನಿಮ್ಮಜ್ಜಿಯ ಹಾಗೆ ಹಳೇ ಕಾಲದ ಕೈ. ‘ಬೆರಳೆಲ್ಲ ಸರಿಯಾಗಿವೆ ಅಮ್ಮಾ’ ಎಂದು ನೀನು ಬರೆದಿದ್ದೆ. ನಾನೂ ಡಾಕ್ಟರಿಗೆ ಹಾಗೇ ಅಂದವಳು. ಗಂಟಿದ್ದ ಮಾತ್ರಕ್ಕೆ ರೋಗವೆಂದಲ್ಲ, ಆದರೆ ಇದ್ದರೆ ಮೂತ್ರಪಿಂಡವನ್ನು ಈಗಲೇ ತೋರಿಸಬೇಕಂತೆ. ಅತ್ತೆ ಚರ್ಚಿಗೆ ಹೋದಾಗ ಆಗ್ನೆಸಳ ಕಿರುಬೆರಳುಗಳ ಹೊರಬದಿಯನ್ನು, ಕೈಯದೂ ಕಾಲಿನದೂ, ಇನ್ನೊಂದು ಸಲ ನೋಡು. ಎಣಿಸಬೇಡ ಮಗಳೇ, ಮುಟ್ಟಿ ನೋಡು.