ಲಾಕರಿನಲ್ಲಿದ್ದ ಎರಡನೇ ಜಾತಕ

ಅಪ್ಪಾ,

ಮೂಡುಬಿದಿರೆಯ ಆ ಬ್ಯಾಂಕಿನ ಶಾಖೆ ಮುಚ್ಚುತ್ತಾರಂತೆ. ನೀವು ತೀರಿಕೊಂಡ ಮೇಲೆ ಯಾರೂ ತೆರೆಯದಿದ್ದ ಲಾಕರನ್ನು ಖಾಲಿ ಮಾಡಲು ನಾಮಿನಿಯಾದ ನನ್ನನ್ನು ಕರೆದಿದ್ದರು. ಅಮ್ಮನ ಒಡವೆ ಇರಬಹುದು ಎಂದುಕೊಂಡು ಇವತ್ತು ಹೋದೆ. ಇದ್ದದ್ದು ಅಂಚಿಗೆ ಅರಸಿನ ಹಚ್ಚಿದ ಒಂದು ಕಾಗದ, ನನ್ನ ಜಾತಕ.

ಮದುವೆಗೆ ಮೊದಲು ನೀವು ಇವರ ಮನೆಗೆ ಕೊಟ್ಟ ಜಾತಕದಲ್ಲಿ ನಾನು ಹುಟ್ಟಿದ್ದು ಬೆಳಿಗ್ಗೆ. ಇದರಲ್ಲಿ ಸಂಜೆ ಆರೂವರೆ. ಕೆಳಗೆ ಜೋಯಿಸರು ಬರೆದಿದ್ದಾರೆ: ಎಂಟನೇ ಮನೆಯಲ್ಲಿ ಕುಜ, ಪತಿಗೆ ನಲವತ್ತೆರಡನೇ ವರ್ಷದಲ್ಲಿ ಅಪಮೃತ್ಯು ಭಯ. ಸಂಬಂಧ ಕೂಡಿಬರಲೆಂದು ನೀವು ನನ್ನ ಹುಟ್ಟಿದ ಹೊತ್ತನ್ನೇ ಬದಲಿಸಿದ್ದಿರಿ.

ಇವರಿಗೆ ಹೋದ ವಾರ ನಲವತ್ತೊಂದು ತುಂಬಿತು.

ಮಿಜಾರಿನಲ್ಲಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುವವಳು ನಾನು. ಜಾತಕವನ್ನೆಲ್ಲ ಒಲೆಗೆ ಹಾಕಿ ಎಂದು ನಿಮ್ಮೆದುರೇ ನಕ್ಕಿದ್ದೆ. ನೀವು ಮುಖ ತಿರುಗಿಸಿದ್ದಿರಿ. ಯಾಕೆ ಎಂದು ಆಗ ಕೇಳಲಿಲ್ಲ.

ಮಧ್ಯಾಹ್ನ ಇವರು ಬೈಕಿನ ಕೀಲಿ ಹಿಡಿದುಕೊಂಡು ಕೇಳಿದರು, "ಲಾಕರಿನಲ್ಲಿ ಎಂತ ಇತ್ತು?"

"ಹಳೇ ಕಾಗದ. ಬಂಟ್ವಾಳಕ್ಕೆ ಇವತ್ತೇ ಹೋಗ್ಬೇಕಾ? ನಾಳೆ ಬಸ್ಸಿನಲ್ಲಿ ಹೋಗುವ, ನಾನೂ ಬರ್ತೇನೆ."

"ನಿನಗೆ ಎಂತಾಯ್ತು ಮಾರಾಯ್ತಿ?" ಎಂದು ನಗುತ್ತಾ ಹೊರಟರು.

ಒಲೆ ಹೊತ್ತಿಸಿ, ಕಾಗದ ಹಿಡಿದುಕೊಂಡು ತುಂಬ ಹೊತ್ತು ನಿಂತೆ. ಕೈ ಮುಂದೆ ಹೋಗಲಿಲ್ಲ. ನಿಮ್ಮ ಕೈಯೂ ಹೀಗೇ ನಿಂತಿರಬೇಕು.

ಬೇರೆ ಬ್ಯಾಂಕಿನ ಲಾಕರಿಗೆ ಅರ್ಜಿ ತಂದಿದ್ದೇನೆ. ಎಲ್ಲ ತುಂಬಿಸಿ ಆಯಿತು, ನಾಮಿನಿಯ ಹೆಸರೊಂದು ಬಾಕಿ. ಇವರ ಹೆಸರು ಬರೆಯಲು ಹೆದರಿಕೆ. ಉಳಿದವಳು ನಮ್ಮ ಮಗಳು; ನನ್ನ ನಂತರ ಲಾಕರ್ ತೆರೆದು ಈ ಕಾಗದ ಓದುವವಳು ಅವಳೇ.

ಆ ಜಾಗದಲ್ಲಿ ನನ್ನ ಹೆಸರು ಹೇಗೆ ಬರೆದಿರಿ, ಅಪ್ಪಾ?