ಎರಡು ತಂಬಿಗೆ ನೀರು

ಕೊಂಢವಾ, ಪುಣೆ
ಸೋಮವಾರ, ಏಕಾದಶಿ

ನನ್ನ ಮಗಳು ದೀಪಾಲಿಗೆ,

ಪಾಂಡುರಂಗ ನಿನ್ನನ್ನು ಕಾಯಲಿ. ಇಲ್ಲಿ ನಾವೆಲ್ಲ ಆರಾಮ ಇದ್ದೇವೆ ಎಂದು ಬರೆಯುವುದು ರೂಢಿ. ನಿನ್ನ ಅಪ್ಪ ಆರಾಮ ಇದ್ದಾರೆ.

ಇವತ್ತು ಉಪವಾಸ. ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ನೀರು ಹೊಡೆದು, ರಂಗೋಲಿ ಹಾಕಿ, ತುಳಸಿಗೆ ದೀಪ ಹಚ್ಚಿದೆ. ಅಪ್ಪನಿಗೆ ರೊಟ್ಟಿ ಬಡಿದು, ಬದನೆಕಾಯಿ ಪಲ್ಯ ಹಾಕಿ, ಬುತ್ತಿ ಕಟ್ಟಿ ಕೆಲಸಕ್ಕೆ ಕಳಿಸಿದೆ. ನನಗೆಂದು ಸಾಬುದಾಣಿ ನೆನೆಸಿದ್ದೆ, ಬಾಣಲೆ ಇಡುವ ಮನಸ್ಸಾಗಲಿಲ್ಲ. ಜಪಕ್ಕೆ ಕುಳಿತರೆ ಬಾಗಿಲ ಮುಂದೆ ಕೊಡಗಳ ಸಪ್ಪಳ. ಎಲ್ಲರೂ ಬಾವಿಗೆ ಹೊರಟವರು. ಪಕ್ಕದ ಮನೆ ಯಂಕವ್ವ ಒಳಗೆ ಇಣುಕಿ, “ಕಾಶವ್ವಾ, ನಿನ್ನ ಮಗಳ ಪುಣ್ಯೇದಿಂದ ನಮ್ಮ ಗಂಗವ್ವ ಬಾಯಿ ತಗದಾಳ ನೋಡ” ಎಂದು ಕೂಗಿ ಹೋದಳು. ಜಪಮಾಲೆ ಕೆಳಗಿಟ್ಟೆ. ಆಮೇಲೆ ಕೈಗೆ ಬಂದದ್ದು ಈ ಪೆನ್ನು.

ಫೋನು ಇರುವಾಗ ಕಾಗದ ಯಾಕೆ ಎಂದು ನಗಬೇಡ. ಶನಿವಾರದಿಂದ ಫೋನು ಮಾಡುತ್ತಲೇ ಇದ್ದೇನೆ. ಪ್ರತಿ ಸಲ ನಿನ್ನ ಪ್ರಚಾರ ನೋಡಿಕೊಳ್ಳುವ ಸ್ವಪ್ನಿಲ್ ಎತ್ತುತ್ತಾನೆ. “ಮಾವಶಿ, ತಾಈ ಮೀಟಿಂಗ್‌ಮಧೇ ಆಹೇತ” ಎನ್ನುತ್ತಾನೆ, ಅಕ್ಕ ಮೀಟಿಂಗಿನಲ್ಲಿದ್ದಾರಂತೆ. ಅವನ ಹಿಂದೆಯೇ ನಿನ್ನ ದನಿ ಕೇಳಿಸುತ್ತದೆ. ಹೆತ್ತವಳಿಗೆ ದನಿ ಗುರುತು ಸಿಗುವುದಿಲ್ಲವೇ? ಮರಾಠಿಯಲ್ಲಿ ಬರೆದು ಕಳಿಸಿದರೆ ಆ ಕಚೇರಿಯಲ್ಲಿ ಹತ್ತು ಮಂದಿ ಓದುತ್ತಾರೆ. ಕನ್ನಡ ಓದುವವಳು ನೀನೊಬ್ಬಳೇ. ನಿನ್ನ ಶಾಲೆಯವರು ಅದನ್ನು ಕಲಿಸಲಿಲ್ಲ. ಪರಾತದಲ್ಲಿ ಜೋಳದ ಹಿಟ್ಟು ಹರವಿ, ನಿನ್ನ ಬೆರಳು ಹಿಡಿದು ನಾನೇ ತಿದ್ದಿಸಿದೆ. ನನ್ನದು ಹಳ್ಳಿ ಶಾಲೆಯ ಓದು, ತಪ್ಪಿದ್ದರೆ ನಡೆಸಿಕೋ.

ಶುಕ್ರವಾರದ್ದನ್ನು ಬರೆಯಬೇಕು. ಅದಕ್ಕೆ ಕೈ ಹಿಂದೆ ಹಿಂದೆ ಸರಿಯುತ್ತಿದೆ.

ಆ ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿ, ಕೀಲಿ ಜಡಿಸಿದವಳು ನೀನೇ. ಆಗ ನೀನು ರೋಗಗಳ ಸಂಶೋಧನೆ ಮಾಡುವ ಸಂಸ್ಥೆಗೆ ಹೊಸದಾಗಿ ಸೇರಿದ್ದೆ. ಕೆಳಗಿನ ಓಣಿಯ ಬಸುರಿ ಹೆಂಗಸು ಕಾಮಾಲೆಯಾಗಿ ಸತ್ತಿದ್ದಳು. ಹೊಲಸಿದ್ದರೆ ಕಪ್ಪಾಗುವ ಔಷಧ ಹಾಕಿದ ಸಣ್ಣ ಸೀಸೆಯಲ್ಲಿ ನೀನು ಬಾವಿಯ ನೀರು ತಂದು ನಮ್ಮ ಮಾಡದಲ್ಲಿ ಇಟ್ಟೆ. ಮರುದಿನ ನೋಡಿದರೆ ಮಸಿಯಂತೆ ಕಪ್ಪಗೆ. ಒಲೆ ಮುಂದೆ ಕುಳಿತು ನನಗೆ ಹೇಳಿದೆ: “ಅವ್ವಾ, ಗಟಾರದ ಹೊಲಸು ಬಾವ್ಯಾಗ ಇಳದದ. ಉಳದವ್ರಿಗೆ ಕಾಮಾಲಿ ಬಂದ ಹೋಗತದ. ಬಸರಿಗೆ ಬಂದ್ರ ಜೀವಾನ ಒಯ್ತದ.” ಪ್ರತಿ ಶುಕ್ರವಾರ ಆ ಬಾವಿಗೆ ಅರಿಶಿನ ಕುಂಕುಮ ಹಾಕುತ್ತಿದ್ದವಳು ನಾನು. ಗಂಗವ್ವ ದೇವರು ಹೌದು, ಗಟಾರ ದೇವರಲ್ಲ ಎಂದು ಅವತ್ತೇ ಮನಸ್ಸಿಗೆ ಹೇಳಿಕೊಂಡೆ.

ಓಣಿಯ ಹೆಂಗಸರು ನಿನ್ನನ್ನು ಬಯ್ಯದ ಬೈಗುಳ ಇಲ್ಲ. ಬಾಣಂತಿಯರು ಗಂಗೆ ಪೂಜೆಗೆ ನಳದ ಬುಡಕ್ಕೆ ಹೋಗುವ ಗತಿ ಬಂತು ಎಂದರು. ಯಂಕವ್ವ ಅಂತೂ “ನಾಕ ಅಕ್ಷರ ಕಲತಾಕಿ ದೇವರಿಗೇ ಕೀಲಿ ಹಾಕ್ಯಾಳ” ಎಂದು ಬೀದಿಯಲ್ಲಿ ನಿಂತು ಕೂಗಿದಳು. ನೀನು ತಲೆ ಬಗ್ಗಿಸಿ ಎಲ್ಲ ಕೇಳಿಸಿಕೊಂಡೆ, ಕೀಲಿ ಮಾತ್ರ ತೆಗೆಯಲಿಲ್ಲ. ಅವರ ನಡುವೆ ನಿನ್ನ ಅವ್ವ ಎಂದು ನಿಲ್ಲಲು ನನಗೆ ಆಗ ಒಂದಿಷ್ಟೂ ಸಂಕೋಚವಿರಲಿಲ್ಲ.

ಚುನಾವಣೆಗೆ ನಿಲ್ಲುತ್ತೇನೆ ಎಂದಾಗಲೂ ನಾನು ಬೇಡ ಅನ್ನಲಿಲ್ಲ. “ವರದಿ ಬರದ್ರ ಬರೇ ಬೋರ್ಡ್ ಬೀಳತಾವ ಅವ್ವಾ, ಪೈಪ್ ಬೀಳೂದಿಲ್ಲ. ಪಾಲಿಕೆದಾಗ ಕುಂತ್ರನ ಪೈಪ್” ಅಂದೆ. ಖರೇ ಮಾತು. ಆದರೆ ಎದುರಿನವರು ರಿಕ್ಷಾಕ್ಕೆ ಮೈಕಿನ ಭೋಂಗಾ ಕಟ್ಟಿ, “ಗಂಗಾಮಾಈಲಾ ಕುಲೂಪ್ ಲಾವಣಾರೀ” ಎಂದು ನಮ್ಮ ಮನೆ ಮುಂದೆಯೇ ಕೂಗಿಸಿದರು. ಗಂಗೆಗೆ ಕೀಲಿ ಹಾಕಿದವಳು ಎಂಬುದು ನಿನ್ನ ಹೆಸರೇ ಆಯಿತು. ಆಗ ನಾನೇ ಹೇಳಿದೆ, ಒಂದು ಸಲ ಬಂದು ಗಂಗವ್ವನಿಗೆ ಉಡಿ ತುಂಬು, ಹೆಂಗಸರ ಮನಸ್ಸು ಕರಗುತ್ತದೆ ಎಂದು. ಕೀಲಿ ತೆಗೆ ಅನ್ನಲಿಲ್ಲ, ನೀರು ಕುಡಿ ಅನ್ನಲಿಲ್ಲ. ಅವೆರಡನ್ನೂ ಸೇರಿಸಿದವನು ಸ್ವಪ್ನಿಲ್. ಆದರೂ ಮೊದಲ ಮಾತು ಬಂದದ್ದು ನನ್ನ ಬಾಯಿಂದಲೇ.

ಕಳೆದ ಗುರುವಾರ ನೀನು ಮನೆಗೆ ಬಂದು ಹೇಳಿದ್ದು ಇನ್ನೂ ಕಿವಿಯಲ್ಲಿದೆ. “ಮನ್ಯಾಗ ನೀರು ಕಾಸಿ ಆರಿಸಿ ತಂಬಗ್ಯಾಗ ತಾ ಅವ್ವಾ. ಮ್ಯಾಲ ಎಲಿ, ಕಾಯಿ ಇಡು. ನನ್ನ ಬೊಗಸಿಗೆ ಅದನ್ನ ಹಾಕು.” ಇದು ಸುಳ್ಳಾಗುವುದಿಲ್ಲವೇ ಎಂದು ನಾನು ಕೇಳಿದೆ. ಗೆದ್ದ ಮೇಲೆ ಪೈಪು ಹಾಕಿಸಿ ಮತ್ತೆ ಕೀಲಿ ಹಾಕುತ್ತೇನೆ, ನಾಲ್ಕು ದಿನದ ಮಾತು ಎಂದೆ ನೀನು. ನೀನು ನನ್ನ ಮುಖ ನೋಡದೆ ಫೋನು ನೋಡುತ್ತಾ ಹೇಳಿದೆ. ನಾನೂ ನಿನ್ನ ಮುಖ ನೋಡದೆ ಒಲೆ ಹೊತ್ತಿಸಿದೆ.

ಶುಕ್ರವಾರ ನೀನು ಹಸಿರು ಸೀರೆ ಉಟ್ಟು ಬಂದಿದ್ದೆ. ಕೀಲಿ ತೆಗೆದಾಗ ಹೆಂಗಸರು ಹೂವು ತೂರಿದರು. ಬಾವಿಯಿಂದ ಸೇದಿದ ಮೊದಲ ಕೊಡದ ನೀರನ್ನು ಒಂದು ತಂಬಿಗೆಯಲ್ಲಿ ತುಂಬಿ ನನ್ನ ಮುಂದೆ ಇಟ್ಟರು. ಮನೆಯಿಂದ ತಂದದ್ದು ಅದರ ಪಕ್ಕದಲ್ಲೇ ಇತ್ತು. ನೀನು ಬಾವಿಗೆ ಕೈ ಮುಗಿದು ಬೊಗಸೆ ಒಡ್ಡಿದೆ. ನಾನು ಮನೆಯದನ್ನೇ ಎತ್ತಿ ಹಾಕಿದೆ. ನೀನು ಕಣ್ಣು ಮುಚ್ಚಿ ಕುಡಿದು, ಒದ್ದೆ ಕೈ ತಲೆಗೆ ಸವರಿಕೊಂಡೆ. ಚಪ್ಪಾಳೆ ಬಿತ್ತು. ಫೋಟೋ ತೆಗೆದರು.

ಅಲ್ಲಿಗೆ ಮುಗಿಯಿತು ಎಂದು ನಾನು ತಿಳಿದಿದ್ದೆ. ನೋಡುವಷ್ಟರಲ್ಲಿ ಹೆಂಗಸರು ಸಾಲು ನಿಂತರು, ಬೊಗಸೆ ಒಡ್ಡಿದರು. ಯಂಕವ್ವನ ಸೊಸೆ ಶಿವಕಾಂತಾ, ಏಳು ತಿಂಗಳ ಬಸುರಿ, ಹೊಟ್ಟೆ ಮುಂದೆ ಮಾಡಿಕೊಂಡು ಬಂದು, “ಕಾಕೂ, ನನಗ ಎರಡ ಬೊಗಸಿ ಹಾಕ್ರಿ, ನಾವು ಇಬ್ರ ಇದೀವಿ” ಎಂದು ನಕ್ಕಳು. ಸುತ್ತಲಿದ್ದವರೂ ನಕ್ಕರು. ನಾನು ನಿನ್ನ ಕಡೆ ನೋಡಿದೆ. ನೀನು ನೋಡಿದೆ, ದೀಪೂ. ನೋಡಿ, ಯಾರೋ ಕರೆದರು ಎಂಬಂತೆ ಆ ಕಡೆ ತಿರುಗಿದೆ. ನಾನು ಬಾವಿಯ ತಂಬಿಗೆ ಎತ್ತಿ ಅವಳ ಕೈಗೆ ಹಾಕಿದೆ. ಎರಡು ಬೊಗಸೆ. ಮಗಳಿಗೆ ಕಾಯಿಸಿದ ನೀರು ಹಾಕಿದ ಕೈಯಿಂದಲೇ ಹಾಕಿದೆ.

ಅವತ್ತಿನಿಂದ ಓಣಿಯವರೆಲ್ಲ ಆ ನೀರನ್ನೇ ಕುಡಿಯುತ್ತಿದ್ದಾರೆ. ನಳದ ನೀರು ದಿನ ಬಿಟ್ಟು ದಿನ, ಬಾವಿ ಮನೆ ಮುಂದೆಯೇ. ಮೇಲಾಗಿ ನಿನ್ನ ಫೋಟೋ. “ಡಾಕ್ಟರಬಾಯಿನ ಕುಡದಾಳ, ನಮಗೇನ ಆಗತದ” ಎನ್ನುತ್ತಾರೆ. ಮೊದಲು ಹಟಕ್ಕೆ ಬಾವಿ ಬೇಕು ಅನ್ನುತ್ತಿದ್ದರು. ಈಗ ನಿನ್ನನ್ನು ನಂಬಿ ಕುಡಿಯುತ್ತಿದ್ದಾರೆ. ಗಟಾರದ ನಳಿಕೆ ದುರಸ್ತಿಯಾಗಿದೆ, ಈಗ ನೀರು ಶುದ್ಧ ಎಂದು ಸ್ವಪ್ನಿಲ್ ಎಲ್ಲರಿಗೂ ಹೇಳುತ್ತಿದ್ದಾನೆ. ಶುದ್ಧವಿದ್ದರೆ ನಮ್ಮ ಮನೆಯಲ್ಲಿ ಒಲೆ ಹೊತ್ತಿಸುವ ಕಾರಣ ಏನಿತ್ತು? ಈ ಪ್ರಶ್ನೆಗೆ ನೀನು ನನಗೆ ಉತ್ತರ ಕೊಡಬೇಕು.

ಇನ್ನೊಂದು ಮಾತು. ನೀನು ಗುಡಿಗೆ ಬರದಿದ್ದಾಗ ನನಗೆ ನಾಚಿಕೆಯಾಗಿಲ್ಲ. ನಂಬಿಕೆ ಇಲ್ಲ ಎಂದು ಮುಖದ ಮೇಲೆ ಹೇಳುವವಳು. ಅದೂ ದೇವರಿಗೆ ಕೊಡುವ ಒಂದು ಮರ್ಯಾದೆಯೇ ಎಂದುಕೊಂಡಿದ್ದೆ. ಶುಕ್ರವಾರ ನೀನು ಕೈ ಮುಗಿದು ಕಣ್ಣು ಮುಚ್ಚಿದಾಗ ಮಾತ್ರ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಇಷ್ಟು ವರ್ಷ ನೀನು ಕೈ ಮುಗಿಯಲಿ ಎಂದು ಬೇಡಿಕೊಂಡವಳು ನಾನು. ಇಂಥ ಬೇಡಿಕೆ ಯಾಕೆ ಇಟ್ಟೆನೋ! ಅವತ್ತಿನಿಂದ ದೇವರ ಮುಂದೆ ಕುಳಿತರೆ ಕಣ್ಣು ಮೇಲೆತ್ತಲು ಆಗುವುದಿಲ್ಲ.

ಶಿವಕಾಂತಾಳಿಗೆ ನಾನು ನಿನ್ನೆಯೇ ಹೇಳಿದ್ದೇನೆ, ಕಾಯಿಸಿ ಕುಡಿಯುತ್ತಾಳೆ. ಆ ಚಿಂತೆ ನಿನಗೆ ಬೇಡ.

ಈ ಗುರುವಾರ ಮತದಾನ. ಬುಧವಾರ ಸಂಜೆ ನಮ್ಮ ಮನೆಯಲ್ಲಿ ಭಜನೆ ಇದೆ, ಓಣಿಯ ಹೆಂಗಸರೆಲ್ಲ ಬರುತ್ತಾರೆ. ನೀನು ಅಷ್ಟರೊಳಗೆ ಬಾ. ಅವರೆದುರು ನಿಂತು, ನಾನು ಕುಡಿದದ್ದು ಮನೆಯ ನೀರು, ಬಾವಿಯದು ಕುಡಿಯಬೇಡಿ ಎಂದು ನಿನ್ನ ಬಾಯಿಂದ ಹೇಳು. ಕೀಲಿ ಹಾಕು. ಸೋಲುತ್ತೀ ಎಂದು ನನಗೂ ಗೊತ್ತು. ಬಯ್ಯುತ್ತಾರೆ, ಉಗುಳಿದರೂ ಉಗುಳುತ್ತಾರೆ. ನಾನು ಪಕ್ಕದಲ್ಲಿ ನಿಲ್ಲುತ್ತೇನೆ, ನನ್ನ ಪಾಲಿನದು ನನಗೆ ಬೀಳಲಿ. ಸೋತವಳಿಗೆ ಊಟ ಹಾಕುವ ಮನೆ ಇದು. ಗೆದ್ದು, ಶಿವಕಾಂತಾಳ ಮನೆಯಲ್ಲಿ ಒಂದು ಹೆಣ ಬಿದ್ದರೆ, ಇಬ್ಬರೂ ಯಾವ ಬಾಯಿಂದ ಅನ್ನ ತಿನ್ನೋಣ?

ನೀನು ಬರದಿದ್ದರೆ ಭಜನೆ ನಿಲ್ಲಿಸಿ ನಾನೇ ಹೇಳುತ್ತೇನೆ. ಇದು ಹೆದರಿಕೆ ಹಾಕುವ ಮಾತಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಫೋಟೋದಲ್ಲಿ ಕಣ್ಣ ಕೆಳಗೆ ಕಪ್ಪಾಗಿದೆ.

ನಿನ್ನನ್ನು ಬಿಟ್ಟುಕೊಡಲಾರದ
ಅವ್ವ, ಕಾಶವ್ವ

ಮರೆತು ಬಿಟ್ಟದ್ದಲ್ಲ, ಮುಚ್ಚಿಟ್ಟದ್ದು: ಶಿವಕಾಂತಾಳಿಗೆ ಹೇಳಿದ್ದೇನೆ ಎಂದು ಮೇಲೆ ಬರೆದದ್ದು ಸುಳ್ಳು. ಅದನ್ನು ಗೀಚಿ ಹಾಕದೆ ಹಾಗೇ ಬಿಟ್ಟಿದ್ದೇನೆ, ನಿನ್ನ ಅವ್ವ ಎಂಥವಳು ಎಂದು ನಿನಗೂ ತಿಳಿಯಲಿ. ನಿನ್ನೆ ಅವಳ ಹೊಸ್ತಿಲ ತನಕ ಹೋದೆ. ತಂಬಿಗೆ ಎತ್ತಿ ಗಟಗಟ ಕುಡಿಯುತ್ತಿದ್ದಳು. “ಬರ್ರಿ ಕಾಕೂ, ಕೂಡ್ರಿ. ದೀಪಾಲಕ್ಕ ಗೆಲ್ಲೂದ ಗ್ಯಾರಂಟಿ, ನಮ್ಮ ಮನಿ ಓಟೆಲ್ಲ ಆಕಿಗೇ” ಅಂದಳು. ನಾನು ಕರಿಬೇವು ಕೇಳಿ ಇಸಿದುಕೊಂಡು ಬಂದೆ. ಕಾರ್ಪೊರೇಟರ್ ಬಾಯಿಯ ಅವ್ವ ಅನ್ನಿಸಿಕೊಳ್ಳುವ ಆಸೆ ನನಗೂ ಹತ್ತಿದೆ ಮಗಳೇ. ಬುಧವಾರ ನಾನು ಎದ್ದು ನಿಂತು ಹೇಳಿಯೇನು ಎಂಬ ಧೈರ್ಯ ನನಗೇ ಇಲ್ಲ. ಅದಕ್ಕೇ ನೀನು ಬರಬೇಕು, ಬುಧವಾರದ ತನಕವೂ ಕಾಯಬೇಡ.

ಈ ಕಾಗದ ತರುವವನು ಶಿವಕಾಂತಾಳ ಗಂಡ ಮನೋಹರ. ಅವನಿಗೆ ಓದಲು ಬರದು. ನಿನ್ನ ಕಚೇರಿಯ ಹಿಂದಿನ ಕಟ್ಟಡದಲ್ಲೇ ಅವನ ಗಾರೆ ಕೆಲಸ. ಸಂಜೆ ಕೆಲಸ ಬಿಟ್ಟು ಬರುವಾಗ ನಿನ್ನ ಉತ್ತರ ತಂದುಕೊಡು ಎಂದು ಅವನಿಗೆ ಹೇಳಿದ್ದೇನೆ. ಸ್ವಪ್ನಿಲ್ ಕೈಲಿ ಕೊಡಿಸಬೇಡ. ನೀನೇ ಹೊರಗೆ ಬಂದು ಕೊಡು. ಕೊಡುವ ಮೊದಲು, ಹೆಂಡತಿ ಹೇಗಿದ್ದಾಳೆ ಎಂದು ಅವನನ್ನು ಒಂದು ಮಾತು ಕೇಳು.