ಬರ್ಫದ ನೀರಿಗೆ ಎಷ್ಟು ಅಂಕ

ಭೋಜ
14 ಸೆಪ್ಟೆಂಬರ್ 2024

ಜೀವದ ಗೆಳತಿ ಸುಲ್ತಾನಬಿಗೆ ತಾರಾಬಾಯಿಯ ಸಲಾಮು.

ನಿನ್ನ ಪತ್ರ ಬಂದು ತಿಂಗಳಾಯಿತು. ಉತ್ತರವಿಲ್ಲವೆಂದು ನಿಮ್ಮ ಸತ್ತಿ ಊರಲ್ಲಿ ಕೂತು ಬೈದಿರುತ್ತೀ. ಬೈ, ನನ್ನನ್ನು ಬೈಯುವವರಾದರೂ ಇನ್ಯಾರಿದ್ದಾರೆ? ಜಾಫರಸಾಬರ ಕೆಮ್ಮು ಹೇಗಿದೆ?

ಒಂದು ಮಜಾ ಕೇಳು. ಡಾಕ್ಟರಕಿ ಕಲಿಯುವವರು ಮೊನ್ನೆ ನಿಪ್ಪಾಣಿಗೆ ಬಂದಿದ್ದರು. ಒಂದೇ ನೋವಿಗೆ ಒಬ್ಬರು ಕಿರುಚುತ್ತಾರೆ, ಇನ್ನೊಬ್ಬರು ಸುಮ್ಮನಿರುತ್ತಾರಲ್ಲ, ಅದು ಯಾಕೆಂದು ನೋಡುತ್ತಾರಂತೆ. ರೋಗವಿಲ್ಲದವರೇ ಬೇಕಂತೆ! ನಾನೂ ನಮ್ಮ ಸುಜಯನ ಅಪ್ಪನೂ ಹೋದೆವು. ಕೊರೆಯುವ ಬರ್ಫದ ನೀರಿನಲ್ಲಿ ಕೈ ಇಡಬೇಕು, ತಾಳದಿದ್ದರೆ ತೆಗೆಯಬೇಕು. ಇವರು ಇಟ್ಟ ಕೂಡಲೇ "ಅಯ್ಯಯ್ಯ, ಜೀವಾ ಹೋತು!" ಎಂದು ತೆಗೆದರು. ಕಬ್ಬಿನ ಹೊಲದಲ್ಲಿ ಹಾವಿಗೂ ಹೆದರದ ಗಂಡಸು! ನಕ್ಕು ನಕ್ಕು ಸಾಕಾಯಿತು.

ನಾನು ತೆಗೆಯಲೇ ಇಲ್ಲ. ಕೊನೆಗೆ ಪೂನಮ ಎಂಬ ಹುಡುಗಿಯೇ ನನ್ನ ಕೈ ಹಿಡಿದು ಎತ್ತಿದಳು.

"ಮಾವಶಿ, ಜೀವನದಾಗ ನಿಮಗಾದ ದೊಡ್ಡ ನೋವಿಗೆ ಹತ್ತು ಅಂಕ ಅಂತ ತಿಳ್ಕೊರಿ. ಈ ನೀರಿಗೆ ಎಷ್ಟ ಕೊಡ್ತೀರಿ?"

"ಒಂದ."

"ಹಂಗಾರ ಆ ಹತ್ತು ಯಾವ್ದರಿ?"

"ಹೆರಿಗಿ," ಅಂದುಬಿಟ್ಟೆ. ಸುಳ್ಳು.

ನಮ್ಮ ಮನಿಷಾ ಸನ್ಯಾಸ ತೆಗೆದುಕೊಂಡು ಜೈನ ಆರ್ಯಿಕೆಯಾದದ್ದು ನಿನಗೆ ಗೊತ್ತೇ ಇದೆ. ಬಾಚಣಿಗೆ ತಾಗಿದರೆ ಓಣಿಗೆಲ್ಲ ಕೇಳುವಂತೆ ಅಳುತ್ತಿದ್ದ ಮಗಳು, ದೀಕ್ಷೆಯ ದಿನ ತನ್ನ ಕೂದಲನ್ನು ತಾನೇ ಕೈಯಿಂದ ಕಿತ್ತುಕೊಂಡಳು. ಮಂದಿ ಜಯಕಾರ ಹಾಕುತ್ತಿದ್ದರೆ ನನ್ನ ನೆತ್ತಿ ಉರಿಯುತ್ತಿತ್ತು. ಆದರೆ ಅದಕ್ಕೂ ನಾನು ಹತ್ತು ಕೊಡಲಾರೆ.

ಈ ಸಲ ಅವಳ ಚಾತುರ್ಮಾಸ ಉಗಾರ ಬುದ್ರುಕದಲ್ಲಿ. ಅವರದು ದಿನಕ್ಕೊಂದೇ ಊಟ, ಅದೂ ಬೊಗಸೆಯಲ್ಲೇ. ಬೆಳಿಗ್ಗೆ ಮನಸ್ಸಿನಲ್ಲೇ ಒಂದು ಗುರುತು ಇಟ್ಟುಕೊಂಡು ಹೊರಡುತ್ತಾರೆ, ಯಾರಿಗೂ ಹೇಳುವುದಿಲ್ಲ. ಆ ಗುರುತಿನ ವಸ್ತು ಹಿಡಿದು ಯಾರು ಬಾಗಿಲಲ್ಲಿ ನಿಂತಿರುತ್ತಾರೋ ಅವರ ಮನೆಯಲ್ಲೇ ಊಟ. ಕಳೆದ ವಾರ ನಾವೂ ಅಲ್ಲಿ ಒಂದು ಮನೆ ಹಿಡಿದು, ಮಡಿಯಲ್ಲಿ ಅಡಿಗೆ ಮಾಡಿದೆವು. ಇವರು ಒಳಗಿದ್ದರು, ನಾನು ಬಾಗಿಲಲ್ಲಿ ನಿಂತೆ. ಬಂದಳು. ಎಷ್ಟು ಸೊರಗಿದ್ದಾಳೆ ಗೊತ್ತೇನೇ! ನನ್ನನ್ನು ದಾಟಿ ಮುಂದೆ ಹೋದಳು.

"ಗುರ್ತ ಕೂಡಲಿಲ್ಲ, ಏನ ಮಾಡೂದು," ಅಂದರು ಇವರು.

ನನ್ನ ಕೈಯಿಂದ ಒಂದು ತುತ್ತು ಅವಳ ಬೊಗಸೆಗೆ ಹಾಕಬೇಕು, ಸುಲ್ತಾನಾ. ಬೇರೇನೂ ಬೇಡ. ದೀಪಾವಳಿ ಕಳೆದರೆ ಯಾವ ಊರಿಗೆ ನಡೆದು ಹೋಗುತ್ತಾಳೋ. ಅಷ್ಟರಲ್ಲಿ ಇನ್ನೊಮ್ಮೆ ಹೋಗುತ್ತೇನೆ. ನೀನೂ ಬಾ, ಅವಳನ್ನು ಎತ್ತಿ ಆಡಿಸಿದವಳು ನೀನು. ಒಬ್ಬಳೇ ನಿಲ್ಲಲು ನನಗೆ ಧೈರ್ಯ ಸಾಲದು.

ಅಫ್ಜಲನಿಗೂ ಸೊಸೆಗೂ ನನ್ನ ಆಶೀರ್ವಾದ ಹೇಳು. ನಿನ್ನ ಮನೆ ತುಂಬಿರಲಿ.

ನಿನ್ನ
ತಾರಾ

ತಾ.ಕ.: ಗುರುತು ಕೂಡಲಿಲ್ಲವೆಂದು ನಾನೂ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಿನಗೊಬ್ಬಳಿಗೆ ನಿಜ ಹೇಳುತ್ತೇನೆ. ಅವಳು ನಿಂತದ್ದು ನನ್ನ ಪಕ್ಕದ ಬಾಗಿಲಲ್ಲಿ, ಸಕ್ಕುಬಾಯಿಯ ಎದುರು. ಸಕ್ಕುಬಾಯಿ ಹಿಡಿದದ್ದು ತೆಂಗಿನಕಾಯಿ ಇಟ್ಟ ಕಲಶ. ನಾನು ಹಿಡಿದದ್ದೂ ಅದನ್ನೇ.